ಮುಂಜಾನೆ ಹಿಂಡಿದ ರಸ

ವಿದ್ಯಾವತಿ ಇನ್ನೊಂದು ಮೋಸಂಬಿಯನ್ನು ಅಡ್ಡ ಕೊಯ್ದು, ಗಾಜಿನ ಬಟ್ಟಲಿನ ನಡುವಿನ ಮೂತಿಗೆ ಒತ್ತಿ ತಿರುವಿದಳು. ರಸ ಬೆರಳ ಸಂದಿಯಿಂದ ಮೊಣಕೈವರೆಗೆ ಇಳಿಯಿತು. ಒರೆಸಿಕೊಳ್ಳುವ ಗೋಜಿಗೆ ಹೋಗದೆ ಬಟ್ಟಲನ್ನು ಸೋಸುವ ಅರಿವೆಯ ಮೇಲೆ ಬೋರಲು ಮಾಡಿದಳು. ಅರಿವೆ ಹಳೆಯದು, ಒಂದು ಕಡೆ ತೂತು ಬಿದ್ದಿತ್ತು. ಅಂದು ಅದನ್ನೆಲ್ಲ ನೋಡುವ ಸ್ಥಿತಿಯಲ್ಲಿ ಅವಳಿರಲಿಲ್ಲ. ಕೆಳಗಿದ್ದ ಸ್ಟೀಲಿನ ಕೊಡ ಅರ್ಧಕ್ಕಿಂತ ಮೇಲೆ ತುಂಬಿತ್ತು.

ಪಡಸಾಲೆಯಲ್ಲಿ ಅವಳ ಅಪ್ಪ ಗುರಲಿಂಗಪ್ಪ ಕುಳಿತಿದ್ದ. ರಾತ್ರಿ ರೊಟ್ಟಿ ತಿಂದು ಮಲಗಿದವನು ಬೆಳಗಿನ ಜಾವ ಎದ್ದಿರಲಿಲ್ಲ. ಈಗ ಅವನನ್ನು ಗೋಡೆಗೆ ಆನಿಸಿ, ಹಣೆತುಂಬ ವಿಭೂತಿ ಬಳಿದು, ಕೊರಳಿಗೆ ಚೆಂಡು ಹೂವಿನ ಮಾಲೆ ಹಾಕಿ ಕೂರಿಸಿದ್ದರು. ಎದುರಿಗೆ ಭಜನೆಯವರು ತಾಳ ಬಾರಿಸುತ್ತಿದ್ದರು. ಬದುಕಿದ್ದಾಗ ಒಂದು ಕಡೆ ನೆಟ್ಟಗೆ ಕೂತ ಮನುಷ್ಯನಲ್ಲ ಅವನು. ತಿಕೋಟಾ ಊರಿನ ಯಾರ ಮನೆಯ ಕಟ್ಟೆಯಲ್ಲಿ ಮಾತು ಕೇಳಿಬಂದರೂ ಅಲ್ಲಿ ಹಾಜರಾಗುತ್ತಿದ್ದ. ಇಷ್ಟು ಜನ ತಾವಾಗಿಯೇ ಬಂದಿರುವಾಗ ಮಾತಾಡದೆ ಕೂತಿದ್ದು ಅವನ ಜಾಯಮಾನಕ್ಕೆ ಒಗ್ಗುವಂಥದ್ದಾಗಿರಲಿಲ್ಲ.

ಹೆಣದ ಪಕ್ಕದಲ್ಲಿ ಕುಳಿತಿದ್ದ ಅವನ ಹೆಂಡತಿ ಗುರುಬಸವ್ವನಿಗೆ ನಡುಮನೆಯ ಬಾಗಿಲಿನಿಂದ ಮಗಳು ಕಂಡಳು. ಮೊದಲು ಏನು ಮಾಡುತ್ತಿದ್ದಾಳೆಂದು ತಿಳಿಯಲಿಲ್ಲ. ತಿಳಿದಾಗ ಸೆರಗು ಸರಿಮಾಡಿಕೊಂಡು ಎದ್ದೇಬಿಟ್ಟಳು. ಗಂಡನ ಮಗ್ಗುಲಿನಿಂದ ಹೀಗೆ ಎದ್ದು ಹೋಗುವುದುಂಟೇ ಎಂದು ಸುತ್ತಲಿನ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಏನ ಮಾಡಾಕತ್ತಿ ವಿದ್ಯಾ?"

"ರಸ ಹಿಂಡಾಕತ್ತೇನಿ. ಅಪ್ಪ ಹೇಳಿದ್ದು ಮರತಿಯೇನ? ನಾ ಸತ್ತ ದಿನ ಬಂದವರಿಗೆ ಚಹಾ ಕೊಡಬ್ಯಾಡ್ರಿ, ನನ್ನ ಗಿಡದ ರಸ ಕೊಡ್ರಿ. ಮುಂಜಾನೆ ಹಿಂಡಿ ಸಂಜಿಗೆ ಕೊಡ್ರಿ ಅಂತ ಎಷ್ಟು ಸಲ ಅಂದಿಲ್ಲ?"

"ಅದನ್ನ ಚ್ಯಾಷ್ಟಿಗೆ ಅಂದಿದ್ರು ಯವ್ವಾ."

"ಅಪ್ಪ ಎಲ್ಲಾದರ ಚ್ಯಾಷ್ಟಿ ಮಾಡತಿದ್ದ. ಗಿಡದ ವಿಷಯದಾಗ ಯಾವಾಗರೆ ಮಾಡ್ಯಾನೇನ?"

ಗುರುಬಸವ್ವ ಕೊಡವನ್ನು ನೋಡಿದಳು. "ಹಂಗಾದ್ರ ಈಗ ಕೊಟ್ಟಬಿಡು. ದೂರದಿಂದ ಬಂದಾರ, ಬಿಸಲ ಐತಿ."

"ಅಪ್ಪ ಇನ್ನೂ ಮನ್ಯಾಗ ಅದಾನ. ಈಗ ಯಾರ ಕುಡೀತಾರ? ಮಣ್ಣು ಕೊಟ್ಟು ಬಂದ ಮ್ಯಾಲೆ ಕೊಡೂದು. ಬ್ಯಾರೆ ಗಿಡದ್ದಾಗಿದ್ರ ಅಷ್ಟೊತ್ತಿಗೆ ಕಹಿ ವಿಷ ಆಗಿರತಿತ್ತು. ಇದು ಅಪ್ಪನ ಗಿಡದ್ದು." ವಿದ್ಯಾವತಿ ಇನ್ನೊಂದು ಹಣ್ಣು ಕೈಗೆ ತೆಗೆದುಕೊಂಡಳು. "ಹಾಸ್ಟೆಲಿನ ಗೆಳತಿ ನಾಜಿಯಾನೂ ಬರಾಕತ್ತಾಳ. ಒಮ್ಮೆ ಬಂದು ರುಚಿ ನೋಡವಾ ಅಂತ ಅಪ್ಪ ಆಕಿಗೆ ಹತ್ತು ಸಲ ಫೋನ್ ಮಾಡಿದ್ದ. ಇವತ್ತರೆ ಕುಡೀಲಿ."

ಗುರುಬಸವ್ವ ಮಗಳ ಮುಖವನ್ನೇ ನೋಡಿದಳು. ಇಷ್ಟು ವರ್ಷ ಅವಳು ತಿಳಿದಿದ್ದೇ ಬೇರೆ. ಮಗಳೂ ಎಲ್ಲರ ಹಾಗೆ ಅಪ್ಪನ ಮನಸ್ಸು ಹಿಡಿಯಲು ಸಿಹಿ ಎನ್ನುತ್ತಾಳೆ ಎಂದುಕೊಂಡಿದ್ದಳು. ಇಲ್ಲ, ಇವಳು ಖರೇನೇ ನಂಬಿದ್ದಾಳೆ.

ಮೋಸಂಬಿಯ ಸ್ವಭಾವ ಈ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ? ಹಿಂಡಿದ ಕೂಡಲೇ ಕುಡಿದರೆ ಅಮೃತ. ಒಂದೆರಡು ತಾಸು ಇಟ್ಟರೆ ಗಂಟಲಿನ ಬುಡದವರೆಗೆ ಕಹಿ. ಅದಕ್ಕೇ ವಿಜಯಪುರದ ಜ್ಯೂಸಿನ ಅಂಗಡಿಯವರು ಗ್ಲಾಸು ಕೈಗಿಟ್ಟು, ಗಿರಾಕಿ ಕುಡಿದು ಮುಗಿಸುವವರೆಗೆ ಮುಖ ನೋಡುತ್ತ ನಿಲ್ಲುತ್ತಾರೆ. ಗುರಲಿಂಗಪ್ಪ ಮಾತ್ರ ತನ್ನ ಹಿತ್ತಲಿನ ಗಿಡದ ರಸ ದಿನವಿಡೀ ಇಟ್ಟರೂ ಕಹಿಯಾಗುವುದಿಲ್ಲ ಎಂದು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಹೇಳಿಕೊಂಡು ಬಂದಿದ್ದ. ಅವನ ಮಾತಿನಲ್ಲಿ ಇದ್ದ ಕೊರತೆ ಒಂದೇ, ಅದು ಕಹಿಯಾಗುತ್ತಿತ್ತು.

ಊರಿಗೆಲ್ಲ ಅದು ಗೊತ್ತಿತ್ತು. ಅವನಿಗೊಬ್ಬನಿಗೆ ಯಾರೂ ಹೇಳಿರಲಿಲ್ಲ. ಈ ಸಂಜೆ, ಅವನ ಮೇಲಿನ ಮಣ್ಣು ಆರುವ ಮೊದಲೇ, ಅವನ ಮಾತು ಅವನದೇ ಅಂಗಳದಲ್ಲಿ ಸುಳ್ಳಾಗಲಿಕ್ಕಿತ್ತು. ಅದೊಂದು ಆಗಬಾರದು ಎಂದು ಗುರುಬಸವ್ವನ ಜೀವ ಹೊಡೆದುಕೊಂಡಿತು.

*

ಆ ಗಿಡ ಹುಟ್ಟಿದ್ದು ವಿದ್ಯಾವತಿಯ ಬಾಯಿಂದ. ಸಣ್ಣವಳಿದ್ದಾಗ ಬಚ್ಚಲ ಮನೆಯ ಹಿಂದೆ ಕೂತು ಮೋಸಂಬಿ ತಿಂದು ಬೀಜ ಉಗುಳಿದ್ದಳು. ಬಚ್ಚಲ ನೀರು ಕುಡಿದು ಒಂದು ಮೊಳಕೆ ಎದ್ದಿತು. ಕಿತ್ತು ಹಾಕಲು ಹೋದ ಗುರುಬಸವ್ವನನ್ನು ಗಂಡ ತಡೆದಿದ್ದ.

"ಬ್ಯಾಡ ಬಸವ್ವಾ, ಇರಲಿ. ನರ್ಸರಿ ಗಿಡಾ ಅಂದ್ರ ಎರಡು ಗಿಡದ ಜೋಡಣಿ. ಕೆಳಗ ಜಂಬೇರಿ ನಿಂಬಿ ಬೇರು, ಮ್ಯಾಲ ಮೋಸಂಬಿ ಕಣ್ಣು. ಕೆಳಗಿನಂವ ಹುಳಿ ಮನಷ್ಯಾ, ಮ್ಯಾಲಿನಂವ ಸಿಹಿ ಮನಷ್ಯಾ. ಒಂದ ಮನ್ಯಾಗ ಜಗಳ ಆಗದ ಇರತೈತೇನ? ಇದು ಬೀಜದ ಗಿಡ. ಬೇರಿನಿಂದ ತುದಿಮಟ ಒಂದ ಜೀವ."

ಕಾಯಿ ಹಿಡಿಯಲು ಅದು ವರ್ಷಗಟ್ಟಲೆ ತೆಗೆದುಕೊಂಡಿತು. ಕೊನೆಗೆ ಒಂದು ಮಾರ್ಚಿನಲ್ಲಿ ಹಣ್ಣಾಯಿತು. ಮೊದಲ ಹಣ್ಣುಗಳನ್ನು ಕಿತ್ತು ಗುರಲಿಂಗಪ್ಪ ಮುಂಜಾನೆಯೇ ರಸ ಹಿಂಡಿದ್ದ. ಹೆಂಡತಿಗೆ, ಮಗಳಿಗೆ ಕೊಟ್ಟು, ತನ್ನ ಲೋಟವನ್ನು ಗೋಡೆಯ ಮಾಡದಲ್ಲಿಟ್ಟು, ಕುಡಿಯುವುದನ್ನು ಮರೆತು ಹೊಲಕ್ಕೆ ಓಡಿದ್ದ. ಒಣದ್ರಾಕ್ಷಿಯ ಕಾಲ ಅದು. ಹೊನವಾಡ ರಸ್ತೆಯ ಹೊಲದಲ್ಲಿ ಅವನ ವರ್ಷದ ದ್ರಾಕ್ಷಿಯೆಲ್ಲ ಶೆಡ್ಡಿನ ಜಾಳಿಗೆಗಳ ಮೇಲೆ ಒಣಗಲು ಹರವಿಕೊಂಡಿತ್ತು.

ಮಧ್ಯಾಹ್ನ ಗಾಳಿ ಎದ್ದಿತು. ಆ ಕಾಲದಲ್ಲಿ ಬರಬಾರದ ಮಳೆ ಅಡ್ಡಡ್ಡ ಹೊಡೆಯಿತು. ಶೆಡ್ಡಿಗೆ ಹೊದಿಸಿದ್ದ ತಾಡಪತ್ರಿ ಹಾರಿ ಪಕ್ಕದ ಹೊಲಕ್ಕೆ ಹೋಯಿತು. ಸಂಜೆ ಗುರಲಿಂಗಪ್ಪ ಮನೆಗೆ ಬಂದಾಗ ಅವನ ಅಂಗಿಯಿಂದ ಇನ್ನೂ ನೀರು ಸೋರುತ್ತಿತ್ತು. ಹೊಡೆತ ತಿಂದ ದನದ ಹಾಗೆ ಗೋಡೆ ನೋಡುತ್ತ ನಿಂತಿದ್ದ. ಗುರುಬಸವ್ವನಿಗೆ ನಿಜವಾಗಿ ಹೆದರಿಕೆಯಾಗಿತ್ತು. ತೋಟಕ್ಕೆ ಹೊಡೆಯಲು ತಂದ ಔಷಧದ ಡಬ್ಬಿಗಳನ್ನು ಅಂದು ಅವಳು ಕದ್ದು ನೆರೆಯ ಆಶಾಬಿಯ ಮನೆಯಲ್ಲಿಟ್ಟು ಬಂದಿದ್ದಳು.

ಅವಳು ತಿರುಗಿ ಬಂದಾಗ ಗಂಡ ಮಾಡದಲ್ಲಿದ್ದ ಲೋಟ ತೆಗೆದುಕೊಂಡು ಕುಡಿಯುತ್ತಿದ್ದ. ಬಾಯಿ ಒರೆಸಿಕೊಂಡು ಲೋಟದೊಳಗೆ ನೋಡಿದ. ಮತ್ತೊಂದು ಗುಟುಕು ಕುಡಿದ.

"ಬಸವ್ವಾ, ಮುಂಜಾನಿ ಹಿಂಡಿದ್ದು ಇದು. ಕಹಿ ಆಗಿಲ್ಲ ನೋಡ! ಹಿಡಿ, ಕುಡಿ."

ಅವನ ಕಣ್ಣಿನಲ್ಲಿ ಜೀವ ಮರಳಿ ಬಂದಿತ್ತು. ಗುರುಬಸವ್ವ ಲೋಟ ಎತ್ತಿದಳು. ಕಹಿ ನಾಲಿಗೆಯ ಮೇಲೆ ಬಿದ್ದು ಗಂಟಲಿಗೆ ಅಂಟಿಕೊಂಡಿತು. ಕಣ್ಣಲ್ಲಿ ನೀರು ಬಂತು. ಅವನು ಎದುರಿಗೆ ನಿಂತು ಅವಳ ಬಾಯಿಯನ್ನೇ ನೋಡುತ್ತಿದ್ದ.

"ಸಿಹಿ ಐತ್ರಿ," ಎಂದಳು.

*

ಪಕ್ಕದ ಮನೆಯ ಆಶಾಬಿ ದೊಡ್ಡ ಕಿಟಲಿಯಲ್ಲಿ ಚಹಾ ತಂದು ಭಜನೆಯವರನ್ನು ಹೊರಗಿನ ಕಟ್ಟೆಗೆ ಕರೆದು ಕೊಡುತ್ತಿದ್ದಳು. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ, ಹಾಗಾಗಿ ಆ ದಿನದ ಚಹಾದ ಉಸ್ತುವಾರಿ ಅವಳದಾಗಿತ್ತು. ಗುರುಬಸವ್ವ ಅವಳನ್ನು ಬಚ್ಚಲ ಮರೆಗೆ ಕರೆದು ವಿಷಯ ಹೇಳಿದಳು.

"ಯಾ ಅಲ್ಲಾ! ಕೊಡದ ತುಂಬ ಹಿಂಡ್ಯಾಳ?" ಆಶಾಬಿ ಬಾಯಿಗೆ ಕೈ ಹಚ್ಚಿದಳು. "ಬಸವಕ್ಕಾ, ಒಂದು ಲೋಟ ಕುಡ್ಯಾಕನ ನಾ ಅರ್ಧಾ ಮುಷ್ಟಿ ಬೆಲ್ಲ ತಿಂತಿದ್ನಿ."

"ಚೆಲ್ಲಿಬಿಡೂಣೇನ?"

"ಚೆಲ್ಲಿದ್ರ ಇನ್ನೊಂದು ಕೊಡ ಹಿಂಡತಾಳ, ನಿನ್ನ ಮಗಳು. ಗಿಡದಾಗ ಹಣ್ಣು ಇನ್ನೂ ಅದಾವ. ತಡಿ, ಸಕ್ಕರಿ ಹಾಕಿ ನೋಡತೇನಿ."

ಆಶಾಬಿ ಸೆರಗಿನಲ್ಲಿ ಸಕ್ಕರೆಯ ಡಬ್ಬಿ ಮುಚ್ಚಿಕೊಂಡು ನಡುಮನೆಗೆ ಹೋದಳು. ಕೊಡಕ್ಕೆ ಹಸಿ ಅರಿವೆ ಸುತ್ತಿ ತಂಪಿಗೆ ಇಟ್ಟಿದ್ದರು. ಪಕ್ಕದಲ್ಲಿ ವಿದ್ಯಾವತಿಯ ಮಗಳು ದಾನೇಶ್ವರಿ ಕುಳಿತಿದ್ದಳು. ಐದು ವರ್ಷದವಳು. ಯಾರೂ ಮುಟ್ಟದಂತೆ ಕಾಯಬೇಕೆಂದು ತಾಯಿ ಹೇಳಿದ್ದನ್ನು ಅವಳು ಅಕ್ಷರಶಃ ಪಾಲಿಸುತ್ತಿದ್ದಳು.

"ದಾನಿ, ಅಂಗಳದಾಗ ಹೂವಿನ ತೇರ ಕಟ್ಟಾಕತ್ತಾರ, ನೋಡಿ ಬಾ ಹೋಗು."

"ವಿಮಾನ ಅಂತಾರ ಅದಕ್ಕ. ನಾ ನೋಡಿ ಬಂದೇನಿ."

"ಹಂಗಾದ್ರ ನೀರಡಿಕಿ ಆಗಿಲ್ಲೇನ ನಿನಗ?"

"ಆಗೇತಿ. ಅಜ್ಜನ್ನ ಮಣ್ಣಾಗ ಇಟ್ಟು ಬಂದಮ್ಯಾಲೆನ ಕುಡಿಯೂದು," ಎಂದು ಹುಡುಗಿ ಕೊಡವನ್ನು ಎರಡೂ ಕೈಯಿಂದ ತಬ್ಬಿಕೊಂಡಳು.

ಆಶಾಬಿ ಸಕ್ಕರೆ ಡಬ್ಬಿಯೊಂದಿಗೆ ಹಿಂದಿರುಗಿದಳು.

ಕೊನೆಗೆ ಗುರುಬಸವ್ವ ಅಮೋಘಸಿದ್ದನಿಗೆ ಹೇಳಿ ಕಳಿಸಿದಳು. ಹೊಲದ ಬದುವಿನ ಆಚೆ ಅವನ ಹೊಲ. ಕುರಿ ಮಂದೆ ಇದ್ದವನು. ಗುರಲಿಂಗಪ್ಪನ ತೋಟದಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿ, ಅವನ ಮನೆಯಲ್ಲಿ ಉಂಡು, ಅವನೊಂದಿಗೆ ದಿನಕ್ಕೊಮ್ಮೆ ಜಗಳವಾಡಿ ಬೆಳೆದ ಗೆಳೆತನ. ಮುಂಜಾನೆಯಿಂದ ಹೊಲದಲ್ಲಿ ಕುಣಿ ತೋಡಿಸುತ್ತಿದ್ದವನು ಮಣ್ಣು ಮೆತ್ತಿದ ಕೈಯಲ್ಲೇ ಬಂದ. ಕೇಳಿ, ತಲೆಯ ರುಮಾಲು ಬಿಚ್ಚಿ ಮುಖ ಒರೆಸಿಕೊಂಡ.

"ಹೆದರಬ್ಯಾಡ್ರಿ ವೈನಿ. ಊರವರಿಗೆ ಹೇಳೂದ ಬ್ಯಾಡ, ಅವರಿಗೆ ರೂಢಿ ಐತಿ. ಬ್ಯಾರೆ ಊರಿಂದ ಬಂದವರ ಕಿಂವ್ಯಾಗ ನಾ ಒಂದು ಮಾತು ಹಾಕಿರತೇನಿ. ಉಸರು ಹಿಡಿದು ಕುಡೀರಿ, ಮಾರಿ ಕಿವಚಬ್ಯಾಡ್ರಿ ಅಂತ."

"ನಾಜಿಯಾ ಬರಾಕತ್ತಾಳ. ಹಣ್ಣಿನ ರಸಾ ಪರೀಕ್ಷಾ ಮಾಡೂದ ಆಕಿ ನೌಕರಿ."

ಅಮೋಘಸಿದ್ದನಿಗೂ ಇದಕ್ಕೆ ಉಪಾಯ ಹೊಳೆಯಲಿಲ್ಲ. "ಆ ಹುಡುಗಿ ಶ್ಯಾಣ್ಯಾ ಇದ್ರ ಸುಮ್ನ ಕುಡೀತಾಳ," ಎಂದು ಮಾತ್ರ ಹೇಳಿ, ರುಮಾಲು ಸುತ್ತಿಕೊಂಡು ಹೊರಟ.

*

ಅಮೋಘಸಿದ್ದ ಆ ರಸ ಮೊದಲು ಕುಡಿದದ್ದು ಮಳೆ ಬಂದ ಮರುವಾರ. ಗುರಲಿಂಗಪ್ಪ ಅವನನ್ನು ಪಂಚನ ಹಾಗೆ ಕಟ್ಟೆಯ ಮೇಲೆ ಕೂರಿಸಿ, ಸಂಜೆಯ ಲೋಟ ಕೈಗಿಟ್ಟಿದ್ದ. ಒಂದು ಗುಟುಕಿಗೇ ಅಮೋಘಸಿದ್ದನ ಹುಬ್ಬು ಮೇಲೇರಿತು. ಉಗಿಯಲು ಬಾಯಿ ತೆರೆದವನಿಗೆ, ಗೆಳೆಯನ ಬೆನ್ನ ಹಿಂದೆ ಬಾಗಿಲಲ್ಲಿ ನಿಂತು ಎರಡೂ ಕೈ ಜೋಡಿಸಿದ್ದ ಗುರುಬಸವ್ವ ಕಂಡಳು. ಬಾಯಿ ಮುಚ್ಚಿ ನುಂಗಿದ.

"ಹ್ಯಾಂಗ ಐತಿ?"

"ಅಣ್ಣಾ, ಇದರ ಮುಂದ ಸಕ್ಕರಿ ಫ್ಯಾಕ್ಟರಿ ಬಂದ್ ಆಗತಾವ," ಎಂದ.

ಅಲ್ಲಿಂದ ಶುರುವಾದದ್ದು ನಿಲ್ಲಲೇ ಇಲ್ಲ. ಹಣ್ಣಿನ ಕಾಲ ಬಂತೆಂದರೆ ಓಣಿಯವರು ಸಂಜೆಯ ಹೊತ್ತು ಆ ಮನೆಯ ಮುಂದೆ ಹಾಯುವುದನ್ನು ಕಡಿಮೆ ಮಾಡುತ್ತಿದ್ದರು. ಸಿಕ್ಕಿಬಿದ್ದವರು ಕುಡಿದು ಹೊಗಳಿ ಹೋಗುತ್ತಿದ್ದರು. ಯಾರೂ ಯಾರಿಗೂ ಕಟ್ಟಳೆ ಹಾಕಿರಲಿಲ್ಲ. ದ್ರಾಕ್ಷಿ ಮತ್ತೆ ಎರಡು ಸಲ ಕೈಕೊಟ್ಟಿತು, ಗುರಲಿಂಗಪ್ಪ ಸೊಸೈಟಿ ಚುನಾವಣೆಗೆ ನಿಂತು ಬಿದ್ದ, ಬೋರಿಗೆ ನೀರು ಬರಲಿಲ್ಲ. ಆದರೆ ಅವನಂಥ ಗಿಡ ಯಾರ ಹಿತ್ತಲಲ್ಲೂ ಇರಲಿಲ್ಲ. ಬೇರೆ ಗಿಡದ ರಸವನ್ನು ಅವನು ಒಮ್ಮೆಯಾದರೂ ಇಟ್ಟು ಕುಡಿದಿದ್ದರೆ ಕತೆ ಬೇರೆಯಾಗುತ್ತಿತ್ತು. ಕಹಿಯಾಗುತ್ತದೆಂದು ಲೋಕವೇ ಹೇಳುವಾಗ ಇಟ್ಟು ನೋಡುವ ಹುಚ್ಚ ಯಾರು?

ಗುರುಬಸವ್ವ ಮಾತ್ರ ದಿನಾ ಸಂಜೆ ಕುಡಿದಳು. ಗಂಡ ಲೋಟ ಹಿಡಿದು ಅಡುಗೆ ಮನೆಗೇ ಬರುತ್ತಿದ್ದ. ತಂಬಾಕು ಸುಣ್ಣ ತಿಂದು ತಿಂದು ಅವನ ನಾಲಿಗೆ ಸುಟ್ಟಿದೆ ಎಂದು ಅವಳು ಅಂದುಕೊಂಡಿದ್ದಳು. ಆದರೆ ಹಾಗಲಕಾಯಿ ಪಲ್ಯ ಮಾಡಿದ ದಿನ ಇದೇ ನಾಲಿಗೆ ತಾಟು ದೂಡುತ್ತಿತ್ತು. ಆ ಲೆಕ್ಕ ಅವಳಿಗೆ ಎಂದೂ ಹತ್ತಲಿಲ್ಲ.

*

ಮಧ್ಯಾಹ್ನ ಹೆಣ ಕೂರಿಸಿದ ಹೂವಿನ ವಿಮಾನ ಎತ್ತಿದರು. ಬಬಲೇಶ್ವರದಿಂದ ಬಂದಿದ್ದ ಸಂಗು ಮುಂದಿನ ಹೆಗಲು ಕೊಟ್ಟ. ಅವನು ಗುರಲಿಂಗಪ್ಪನ ಅಣ್ಣನ ಮಗ, ಗೊಬ್ಬರದ ಅಂಗಡಿಯವನು. ಕಾಕಾನಿಗೆ ಗಂಡು ಮಕ್ಕಳಿಲ್ಲವೆಂದು ಮುಂಜಾನೆಯಿಂದ ಮಗನ ಕೆಲಸವನ್ನೆಲ್ಲ ತಾನೇ ಹೊತ್ತುಕೊಂಡು ಓಡಾಡಿದ್ದ. ಅವನು ಒಂದು ಕಡೆ ನಿಂತಿದ್ದರೆ ಅಮೋಘಸಿದ್ದ ಅವನ ಕಿವಿಯಲ್ಲೂ ಮಾತು ಹಾಕುತ್ತಿದ್ದ.

ಹೊಲದಲ್ಲಿ, ತನ್ನ ಅಪ್ಪನ ಗದ್ದುಗೆಯ ಪಕ್ಕದ ಕುಣಿಯಲ್ಲಿ ಗುರಲಿಂಗಪ್ಪನನ್ನು ಕೂರಿಸಿದರು. ಅಯ್ಯನವರು ಮಂತ್ರ ಹೇಳಿ ವಿಭೂತಿ, ಪತ್ರಿ ಇರಿಸಿದರು. ಒಬ್ಬೊಬ್ಬರಾಗಿ ಮಣ್ಣು ಹಾಕಿದರು. ಗುರುಬಸವ್ವ ಹಿಡಿ ಮಣ್ಣು ಹಿಡಿದು ಬಹಳ ಹೊತ್ತು ನಿಂತಳು. ಎಷ್ಟು ಮಾತಾಡುತ್ತಿದ್ದ ಮನುಷ್ಯ! ಬದುಕಿದ್ದಾಗ ಅವನ ಮಾತು ತಲೆನೋವೆನಿಸಿದ ದಿನಗಳಿದ್ದವು. ಇವತ್ತು ಇನ್ನೊಂದು ಸಲ, ಆ ಗಿಡದ ಪುರಾಣವನ್ನೇ, ಮೊದಲಿನಿಂದ ಹೇಳಿದರೂ ಕೇಳುತ್ತಿದ್ದಳು. ಪಕ್ಕದಲ್ಲಿ ಯಾರೋ ಕೈ ಹಿಡಿದಾಗ ಮಣ್ಣು ಬಿಟ್ಟಳು.

ಕೈ ಹಿಡಿದವಳು ನಾಜಿಯಾ. ವಿಜಯಪುರದ ಹಾಸ್ಟೆಲಿನಲ್ಲಿ ವಿದ್ಯಾವತಿಯ ಖೋಲಿಯಲ್ಲಿದ್ದವಳು, ಈಗ ಯಾವುದೋ ಊರಿನ ಹಣ್ಣಿನ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿ. ಬಸ್ಸಿಳಿದು ನೇರ ಹೊಲಕ್ಕೆ ಬಂದಿದ್ದಳು. "ತಡ ಮಾಡಿಬಿಟ್ನಿ ಅವ್ವಾರ," ಎಂದು ಅತ್ತಳು. "ಕರದಾಗ ಬರಬೇಕಿತ್ತು."

*

ಮನೆಗೆ ಮರಳಿದವರು ಕಾಲು ತೊಳೆದುಕೊಂಡು, ಹೆಣ ಕೂರಿಸಿದ್ದ ಜಾಗದಲ್ಲಿ ಹಚ್ಚಿಟ್ಟ ದೀಪ ನೋಡಿ ಅಂಗಳಕ್ಕೆ ಬಂದು ಕುಳಿತರು. ವಿದ್ಯಾವತಿ ಕೊಡ ಹೊತ್ತು ತಂದಳು. ಅಳುತ್ತಲೇ ಲೋಟಗಳಿಗೆ ರಸ ಬಗ್ಗಿಸಿದಳು.

"ಮುಂಜಾನಿ ಹಿಂಡಿದ್ದು. ಅಪ್ಪ ಹೇಳಿದಂಗ ಮಾಡೇನಿ. ಎಲ್ಲಾರೂ ಕುಡೀರಿ."

ಓಣಿಯ ಹಿರಿಯರು ಲೋಟ ಎತ್ತಿ ಒಂದೇ ಗುಟುಕಿಗೆ ಮುಗಿಸಿ ಕೆಳಗಿಟ್ಟರು. ಒಂದು ಮುಖವೂ ಕದಲಲಿಲ್ಲ. ಆಶಾಬಿ ಕುಡಿದು, ಕೆಮ್ಮು ಬಂದದ್ದನ್ನು ಅಳುವಿನಲ್ಲಿ ಮುಚ್ಚಿದಳು. ಗುರುಬಸವ್ವ ನಾಜಿಯಾಳನ್ನೇ ನೋಡುತ್ತಿದ್ದಳು. ನಾಜಿಯಾ ಒಂದು ಗುಟುಕು ಕುಡಿದು ತಡೆದಳು. ಲೋಟ ನೋಡಿದಳು, ಸುತ್ತಲಿನವರನ್ನು ನೋಡಿದಳು, ಕಂಬಕ್ಕೆ ಆತು ನಿಂತಿದ್ದ ಗುರುಬಸವ್ವನನ್ನು ನೋಡಿದಳು. ಆಮೇಲೆ ಉಳಿದದ್ದನ್ನೆಲ್ಲ ಕುಡಿದಳು. ಗುರುಬಸವ್ವನ ಎದೆಯ ಭಾರ ಇಳಿಯಿತು.

ಅಷ್ಟರಲ್ಲಿ ಸಂಗು ಬಂದ. ಬಿಸಿಲಲ್ಲಿ ಹೆಗಲು ಕೊಟ್ಟು, ಕುಣಿ ಮುಚ್ಚಿಸಿ ಬಂದವನಿಗೆ ನೀರಡಿಕೆಯಿಂದ ನಾಲಿಗೆ ಒಣಗಿತ್ತು. ತಂಬಿಗೆಯಲ್ಲೇ ರಸ ತೆಗೆದುಕೊಂಡು ಬಾಯಿಗೆ ಸುರಿದುಕೊಂಡ.

"ಥೂ!" ಅಂಗಳದ ತುಂಬ ಉಗಿದ. "ವಿದ್ಯಾ, ಏನ ಕೊಟ್ಟೀಯಬೇ ಇದು? ವಿಷ ಆಗೇತಲ್ಲ!"

ಅಮೋಘಸಿದ್ದ ಹಣೆ ಬಡಿದುಕೊಂಡ.

"ಏನಂತೀ ಸಂಗಣ್ಣಾ?" ವಿದ್ಯಾವತಿ ಅವನ ತಂಬಿಗೆ ಕಸಿದುಕೊಂಡು ಕುಡಿದಳು. ಮತ್ತೊಮ್ಮೆ ಕುಡಿದಳು. "ಏನಾಗೇತಿ ಇದಕ್ಕ? ಸಿಹಿ ಐತಲ್ಲ! ಅಮೋಘಸಿದ್ದ ಕಾಕಾ, ಹೇಳ. ಆಶಾಬಿ ಚಾಚಿ?"

ಅಮೋಘಸಿದ್ದ ರುಮಾಲಿನ ತುದಿ ನೋಡುತ್ತಿದ್ದ. ಆಶಾಬಿ ನೆಲ ನೋಡುತ್ತಿದ್ದಳು. ವಿದ್ಯಾವತಿ ಒಬ್ಬೊಬ್ಬರ ಮುಖವನ್ನೂ ದಾಟಿ ಕೊನೆಗೆ ತಾಯಿಯ ಬಳಿ ಬಂದು ನಿಂತಳು.

"ಅವ್ವಾ, ನೀ ಹೇಳು. ಇದು ಕಹಿ ಐತೇನ?"

ಗುರುಬಸವ್ವ ಮಗಳ ಕೈಯಿಂದ ತಂಬಿಗೆ ತೆಗೆದುಕೊಂಡಳು. ಇನ್ನೊಂದು ಸಲ ಸಿಹಿ ಎಂದುಬಿಡಬಹುದಿತ್ತು. ಅಷ್ಟು ವರ್ಷದ ರೂಢಿ, ಕಷ್ಟವೇನಿರಲಿಲ್ಲ. ಆದರೆ ಆ ಮಳೆಯ ಸಂಜೆ ನಿಂತಿದ್ದ ಗಂಡನ ಕಣ್ಣೇ ಬೇರೆ, ಈಗ ನಿಂತಿರುವ ಮಗಳ ಕಣ್ಣೇ ಬೇರೆ. ಇವಳು ನಿಜ ಕೇಳುತ್ತಿದ್ದಳು.

"ಹೌದು ಯವ್ವಾ. ಕಹಿ ಐತಿ. ಮೊದಲನೇ ದಿನದಿಂದ ಕಹಿನ ಐತಿ."

"ಎಲ್ಲಾರಿಗೂ ಗೊತ್ತಿತ್ತು?"

"ಗೊತ್ತಿತ್ತು."

"ಹಂಗಾದ್ರ ಇಷ್ಟು ವರ್ಷ ಎಲ್ಲಾರೂ ಕೂಡಿ ಅಪ್ಪನ್ನ ಹುಚ್ಚನ್ನ ಮಾಡಿದ್ರಿ?" ವಿದ್ಯಾವತಿ ಎಲ್ಲರ ಕಡೆ ತಿರುಗಿದಳು. "ನನ್ನನ್ನೂ?"

ಅಮೋಘಸಿದ್ದ ಎದ್ದು ನಿಂತ. "ಹುಚ್ಚರಾದವರು ನಾವು, ತಂಗಿ. ಅಣ್ಣ ಕುಡದದ್ದು ಸಿಹಿನ. ಕಹಿ ಕುಡದವರು ನಾವು." ಮುಂದೆ ಹೇಳಲು ಏನೋ ಇತ್ತು. ಹೇಳಲಾಗದೆ ದೊಡ್ಡ ಗಂಡಸು ರುಮಾಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟ.

ನಾಜಿಯಾ ಗೆಳತಿಯ ಭುಜ ಹಿಡಿದು ಕಟ್ಟೆಯ ಮೇಲೆ ಕೂರಿಸಿದಳು. ತಾನೂ ಪಕ್ಕದಲ್ಲಿ ಕುಳಿತಳು.

"ವಿದ್ಯಾ, ಗುರಲಿಂಗಪ್ಪ ಕಾಕಾ ಸುಳ್ಳ ಹೇಳಿಲ್ಲ. ನೀನೂ ಹೇಳಿಲ್ಲ. ಕೇಳ ಇಲ್ಲೆ. ಮೋಸಂಬಿ ಹಿಂಡಿದಾಗ ಅದರಾಗ ಕಹಿ ಇರೂದಿಲ್ಲ, ಇಟ್ಟಂಗ ಇಟ್ಟಂಗ ತಯಾರ ಆಗತೈತಿ. ಹಣ್ಣಿನೊಳಗ ಒಂದು ಜೀನ್ ಐತಿ. ಹಣ್ಣು ಮಾಗುಮುಂದ ಅದು ಕಹಿ ಆಗೂ ವಸ್ತುಕ್ಕ ಸಕ್ಕರಿ ಕಟ್ಟಿ ಸುಮ್ನ ಕುಂಡ್ರಸತೈತಿ. ಎಲ್ಲಾದಕ್ಕೂ ಕಟ್ಟಾಕ ಆಗೂದಿಲ್ಲ, ಉಳದದ್ದು ಕಹಿ ಆಗತೈತಿ. ಈ ಗಿಡಾನೂ ಹಂಗ ಐತಿ, ಎಲ್ಲಾ ಮೋಸಂಬಿ ಹಂಗ."

"ಮತ್ತ ನನಗ ಯಾಕ ಸಿಹಿ ಹತ್ತತೈತಿ?"

"ನಾಲಿಗ್ಯಾಗೂ ಒಂದು ಜೀನ್ ಇರತೈತಿ, ಇಂಥ ಕಹಿ ಗುರ್ತ ಹಿಡಿಯೂದು. ಕೆಲವರಿಗೆ ಅದು ಕೆಲಸ ಮಾಡೂದಿಲ್ಲ. ಹಾಗಲಕಾಯಿ ಕಹಿ ತಿಳೀತೈತಿ, ಈ ಕಹಿ ತಿಳೀಯೂದಿಲ್ಲ. ಕಾಕಾಂದು ಅಂಥಾ ನಾಲಿಗಿ. ನಿಂದೂ ಅದ. ಅವರು ಗಿಡ ಛಲೋ ಅಂತ ತಿಳಕೊಂಡ್ರು. ಗಿಡ ಅಲ್ಲ, ನಾಲಿಗಿ."

ಹಾಗಲಕಾಯಿಯ ಹೆಸರು ಕೇಳಿ ಗುರುಬಸವ್ವ ತಲೆ ಎತ್ತಿದಳು. ದೂಡಿದ ತಾಟು ಕಣ್ಣ ಮುಂದೆ ಬಂತು. ಹಾಗಾದರೆ ಅವನು ಸಮಾಧಾನಕ್ಕೆ ಕಟ್ಟಿಕೊಂಡ ಮಾತಲ್ಲ ಅದು. ಅಂದು ಒದ್ದೆ ಅಂಗಿಯಲ್ಲಿ ನಿಂತು ಕುಡಿದದ್ದು ನಿಜವಾಗಿ ಸಿಹಿಯೇ ಆಗಿತ್ತು. ಅವನ ಸುಳ್ಳನ್ನು ತಾನು ಕಾಯುತ್ತಿದ್ದೇನೆ ಎಂದು ಇಷ್ಟು ವರ್ಷ ತಿಳಿದಿದ್ದಳು. ಕಾಯಲು ಅಲ್ಲಿ ಸುಳ್ಳೇ ಇರಲಿಲ್ಲ. ಅವಳಿಗೆ ಅಳು ಬಂತು, ಅದರೊಳಗೇ ನಗುವೂ ಬಂತು.

"ಅಂದ್ರ ಇದು ಅವರಿಂದ ಮಗಳಿಗೆ ಬಂತೇನವಾ?" ಎಂದು ನಾಜಿಯಾಳನ್ನು ಕೇಳಿದಳು.

"ಅವರಿಂದ ಅರ್ಧ ಬಂದದ್ದು, ಅವ್ವಾರ. ಅರ್ಧದ ಮ್ಯಾಲೆ ಆಗೂದಲ್ಲ ಇದು. ಇನ್ನರ್ಧ ನಿಮ್ಮಿಂದ ಬಂದೈತಿ."

"ನನ್ನಿಂದ ಹ್ಯಾಂಗ? ನನಗ ಕಹಿ ಹತ್ತತೈತಲ್ಲ?"

"ಈ ಜೀನ್ ಎಲ್ಲಾರಿಗೂ ಜೋಡಿ ಇರತಾವ್ರಿ. ನಿಮ್ಮ ಜೋಡ್ಯಾಗ ಒಂ‍ದು ಕೆಲಸ ಮಾಡತೈತಿ, ಇನ್ನೊಂದು ಮಾಡೂದಿಲ್ಲ. ಒಂದು ಮಾಡಿದ್ರನ ಸಾಕು, ಕಹಿ ಗೊತ್ತಾಗತೈತಿ. ಕಾಕಾಂದರಂಗ ಕೆಲಸ ಮಾಡದ ಇನ್ನೊಂದನ್ನ ನೀವು ಮಗಳಿಗೆ ಕೊಟ್ಟೀರಿ. ಮೊದಲಿಂದ ಅದು ನಿಮ್ಮೊಳಗ ಇತ್ತು."

ಗುರುಬಸವ್ವ ಕಂಬಕ್ಕೆ ಬೆನ್ನು ಕೊಟ್ಟು ನಿಧಾನಕ್ಕೆ ಕುಳಿತಳು. ವಿದ್ಯಾವತಿ ಎದ್ದು ಬಂದು ತಾಯಿಯ ತೊಡೆಯ ಮೇಲೆ ತಲೆ ಇಟ್ಟಳು. ಅಂಗಳದಲ್ಲಿ ಕುಳಿತವರು ಏಳಲಿಲ್ಲ. ಸಂಗು ತಾನು ಉಗಿದ ಜಾಗಕ್ಕೆ ನೀರು ಹಾಕಿ ಕಾಲಿನಿಂದ ತಿಕ್ಕುತ್ತ, "ನನಗ ಯಾರರೆ ಒಂದು ಮಾತು ಹೇಳಬಾರದೇನ್ರಿ?" ಎಂದು ಅಮೋಘಸಿದ್ದನಿಗೆ ಮೆಲ್ಲಗೆ ಕೇಳಿದ.

ಈ ಗದ್ದಲದಲ್ಲಿ ದಾನಿಯನ್ನು ಎಲ್ಲರೂ ಮರೆತಿದ್ದರು. ಮುಂಜಾನೆಯಿಂದ ಕೊಡ ಕಾಯ್ದ ಹುಡುಗಿಗೆ ಒಬ್ಬರೂ ಒಂದು ಲೋಟ ಕೊಟ್ಟಿರಲಿಲ್ಲ. ಅವಳೇ ಕೊಡವನ್ನು ಬಗ್ಗಿಸಿ, ತಳದಲ್ಲಿ ಉಳಿದದ್ದನ್ನು ಲೋಟಕ್ಕೆ ಹಾಕಿಕೊಂಡು, ತಲೆ ಹಿಂದಕ್ಕೆ ಚೆಲ್ಲಿ ಕುಡಿದಳು. ಲೋಟದ ಅಂಚು ನೆಕ್ಕಿದಳು. ಖಾಲಿ ಲೋಟ ಹಿಡಿದು ಅಜ್ಜಿಯ ಮುಂದೆ ಬಂದು ನಿಂತಳು.

"ಅಜ್ಜಿ, ಇನ್ನೊಂದು ಬೇಕು."

ವಿದ್ಯಾವತಿ ತಾಯಿಯ ತೊಡೆಯಿಂದ ತಲೆ ಎತ್ತಿದಳು.

"ಕಹಿ ಇಲ್ಲೇನ ನಿನಗ?" ಗುರುಬಸವ್ವ ಕೇಳಿದಳು.

"ಇಲ್ಲ." ಬಾಯಲ್ಲಿ ಏನನ್ನೋ ಹೊರಳಿಸುತ್ತ ಹುಡುಗಿ ತಲೆ ಅಲ್ಲಾಡಿಸಿದಳು.

ಗುರುಬಸವ್ವ ಮೊಮ್ಮಗಳ ಗದ್ದ ಹಿಡಿದು ಹತ್ತಿರ ಎಳೆದುಕೊಂಡಳು. "ನಾಲಿಗಿ ತಗಿ, ನೋಡೂಣು."

ದಾನಿ ಬಾಯಿ ಅಗಲಿಸಿ ಪೂರಾ ನಾಲಿಗೆ ಚಾಚಿದಳು. ಅದರ ನಡುವೆ, ಅರಿವೆಯ ತೂತಿನಿಂದ ಇಳಿದಿದ್ದ ಒಂದು ಮೋಸಂಬಿ ಬೀಜ ಇತ್ತು. ಹುಡುಗಿ ಉಗುಳಲು ಅಂಗಳದ ಕಡೆ ಮುಖ ತಿರುಗಿಸಿದಳು. ಗುರುಬಸವ್ವ ತನ್ನ ಅಂಗೈ ಒಡ್ಡಿದಳು.